ಪ್ರಶ್ನೋತ್ತರ: ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್‌ನ ಓವರ್‌ಕ್ಲಾಕಿಂಗ್

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ರೈಜನ್ 5 5600ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದು ಡಿಡಿಆರ್4-3200 ರ‍್ಯಾಮ್ ಇದೆ. ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಈಗ ಹಣವಿಲ್ಲ. ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ಮೂಲ ವೇಗ ಮೀರಿಸಿ, 4.5 ಗಿಗಾಹರ್ಟ್ಸ್‌ಗೆ ಏರಿಸಿದರೆ ಗೇಮ್‌ಗಳು ಸಲೀಸಾಗಿ ಓಡುತ್ತವೆಯೇ?
– ಓದುಗರು, ಹಾಸನ

ಉತ್ತರ: ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಮೊದಲು ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿ. 5600ಜಿ ಒಳಗಿರುವ ವೇಗಾ 7 ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಅದೂ ಬಳಸಬೇಕು. ಒಂದೇ ಸ್ಟಿಕ್ ಇದ್ದರೆ 3200 ವೇಗದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಮಾಹಿತಿ ಹರಿಯುತ್ತದೆ. ಎರಡಿದ್ದರೆ 51.2. ಗೇಮ್ ಆಡುವಾಗ ನಿಮ್ಮ ಗ್ರಾಫಿಕ್ಸ್ ಬಹಳಷ್ಟು ಹೊತ್ತು ಮಾಹಿತಿಗಾಗಿ ಕಾಯುತ್ತಲೇ ಇರುತ್ತದೆ. ಹಾಗಿರುವಾಗ ಪ್ರೊಸೆಸರ್‌ನ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ವೇಗ ಏರಿಸಿ ಪ್ರಯೋಜನವೇನು?

ಸಾಧ್ಯವಾದರೆ ಈಗಿರುವ ಮಾಡೆಲ್‌ನ ರ‍್ಯಾಮನ್ನೇ ಕೊಳ್ಳಿ. ನಾಲ್ಕು ಸ್ಲಾಟ್‌ಗಳ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿ. ಅಕ್ಕಪಕ್ಕದ ಎರಡಕ್ಕೆ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ, ಅಂದರೆ ಮಾಹಿತಿ ಹರಿಯುವ ಒಂದೇ ದಾರಿಗೆ ಸೇರಿ, ಖರ್ಚು ಮಾಡಿದ್ದು ವ್ಯರ್ಥವಾಗಬಹುದು. ಆಮೇಲೆ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬೋರ್ಡ್‌ನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ ಆನ್ ಮಾಡಿ. ನಿಮ್ಮ ಬೋರ್ಡ್ ಅದರ ಬದಲು ಎ-ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂದು ತೋರಿಸಿದರೂ ಅದೇ. ಇದನ್ನು ಮರೆತರೆ 3200ರ ರ‍್ಯಾಮ್ 2133, 2400 ಅಥವಾ 2666ರಲ್ಲೇ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ನೋಡಿಕೊಳ್ಳಿ.

ಯುಎಂಎ ಫ್ರೇಮ್ ಬಫರ್ ಎಂಬ ಆಯ್ಕೆಯನ್ನು 4 ಜಿಬಿಗೆ ಏರಿಸಿದರೆ ವೇಗ ಹೆಚ್ಚುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಗ್ರಾಫಿಕ್ಸ್‌ಗೆಂದು ರ‍್ಯಾಮ್‌ನಲ್ಲಿ ಜಾಗ ಕಾದಿರಿಸುತ್ತದೆ, ಅಷ್ಟೇ. ಒಟ್ಟು 16 ಜಿಬಿ ಇದ್ದಾಗ 2 ಜಿಬಿ ಸಾಕು.

ಇಷ್ಟಾದ ಮೇಲೆ ಗ್ರಾಫಿಕ್ಸ್ ಓವರ್‌ಕ್ಲಾಕ್‌ಗೆ ಕೈ ಹಾಕಿ. ವೇಗಾ 7ರ ಮೂಲ ವೇಗ 1900 ಮೆಗಾಹರ್ಟ್ಸ್. ಬಯೋಸ್‌ನಲ್ಲಿ ಜಿಎಫ್‌ಎಕ್ಸ್ ಕ್ಲಾಕ್ ಎಂಬಲ್ಲಿ 2000 ಕೊಟ್ಟು ಅರ್ಧ ಗಂಟೆ ಗೇಮ್ ಆಡಿ ನೋಡಿ. ತೊಂದರೆ ಕಾಣದಿದ್ದರೆ 50ರಂತೆ ಏರಿಸುತ್ತಾ ಹೋಗಿ. 2100–2200ರ ಆಸುಪಾಸಿನಲ್ಲಿ ನಿಲ್ಲಿಸುವುದು ವಿವೇಕ. ಪರದೆಯಲ್ಲಿ ಬಣ್ಣದ ಚೌಕಗಳು ಮೂಡಿದರೆ, ಗೇಮ್ ಮುಚ್ಚಿಕೊಂಡು ಡ್ರೈವರ್ ಮತ್ತೆ ಶುರುವಾದರೆ, ಕೊಟ್ಟ ವೋಲ್ಟೇಜ್ ಆ ವೇಗಕ್ಕೆ ಸಾಲುತ್ತಿಲ್ಲ ಎಂದರ್ಥ. ಎಸ್‌ಒಸಿ ವೋಲ್ಟೇಜನ್ನು 1.15ಕ್ಕೆ, ಸಾಲದಿದ್ದರೆ 1.2ಕ್ಕೆ ಏರಿಸಿ. ಅಲ್ಲಿಂದ ಮೇಲೆ ಹೋಗಬೇಡಿ. ಗ್ರಾಫಿಕ್ಸ್‌ಗೂ ಮೆಮೊರಿ ಕಂಟ್ರೋಲರ್‌ಗೂ ಕರೆಂಟ್ ಹೋಗುವುದು ಈ ಎಸ್‌ಒಸಿ ದಾರಿಯಲ್ಲೇ. ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಅದಕ್ಕಿರುವುದು ಒಂದೆರಡು ಫೇಸ್ (ಕರೆಂಟ್ ಪೂರೈಸುವ ಘಟಕ) ಮಾತ್ರ, ಅವುಗಳ ಮೇಲೆ ಹೀಟ್‌ಸಿಂಕ್ ಇಲ್ಲದಿರುವುದೂ ಉಂಟು. ಸಾಕೆಟ್‌ನ ಮೇಲಂಚಿನಲ್ಲಿ ಬರಿಮೈಯಲ್ಲಿ ಕೂತ ಕಪ್ಪು ಚೌಕದ ಚಿಪ್‌ಗಳು ಕಂಡರೆ ಕೇಸ್‌ನ ಫ್ಯಾನ್ ಗಾಳಿ ಆ ಕಡೆ ಹರಿಯುವಂತೆ ನೋಡಿಕೊಳ್ಳಿ.

ಕೋರ್‌ಗಳ ಸರದಿ ಕೊನೆಯದು. ಎಲ್ಲ ಕೋರ್‌ಗಳಿಗೂ ಒಂದೇ ವೇಗ ಕಟ್ಟಿಹಾಕಬೇಡಿ. ಕೋರ್‌ಗಳೂ ಗ್ರಾಫಿಕ್ಸೂ ಒಂದೇ ಚಿಪ್‌ನಲ್ಲಿವೆ, ಮೇಲಿರುವ ಕೂಲರ್ ಕೂಡ ಒಂದೇ. ಕೋರ್‌ಗಳು ಕಾದಷ್ಟೂ ಗ್ರಾಫಿಕ್ಸ್‌ಗೇ ಕಷ್ಟ. ಬಯೋಸ್‌ನ ಪಿಬಿಒ (ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳಲು ಬಿಡುವ ಆಯ್ಕೆ) ಮೆನುವಿನಲ್ಲಿ ಕರ್ವ್ ಆಪ್ಟಿಮೈಸರ್ ತೆರೆದು, ಎಲ್ಲ ಕೋರ್‌ಗಳಿಗೂ ನೆಗೆಟಿವ್ 10 ಕೊಡಿ. ವೋಲ್ಟೇಜ್ ಇಳಿಯುತ್ತದೆ, ಬಿಸಿ ತಗ್ಗುತ್ತದೆ, ವೇಗ ಹಾಗೇ ಉಳಿಯುತ್ತದೆ ಇಲ್ಲವೇ ತುಸು ಏರುತ್ತದೆ. ಕಂಪ್ಯೂಟರ್ ಸುಮ್ಮನಿದ್ದಾಗ ತಾನಾಗಿ ರೀಸ್ಟಾರ್ಟ್ ಆದರೆ 5ಕ್ಕೆ ತನ್ನಿ. ಇಂಥ ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಕೊಡುವುದಿಲ್ಲ ಎಂಬುದು ನೆನಪಿರಲಿ.

ಪ್ರಶ್ನೆ: ರ‍್ಯಾಮನ್ನು 3200ರಿಂದ 3800ಕ್ಕೆ ಏರಿಸಿದೆ. ಈಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಬಯೋಸ್ ಕೂಡ ಬರುತ್ತಿಲ್ಲ. ಬೋರ್ಡ್ ಸುಟ್ಟಿತೇ?
– ಓದುಗರು, ದಾವಣಗೆರೆ

ಉತ್ತರ: ಸುಟ್ಟಿರುವ ಸಾಧ್ಯತೆ ತೀರಾ ಕಡಿಮೆ. ನಿಮ್ಮ ಬಯೋಸ್‌ನ ಚಿತ್ರ ಬರುವುದೂ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಿಂದಲೇ. ಅದಕ್ಕೆ ರ‍್ಯಾಮ್ ಬೇಕು, ರ‍್ಯಾಮ್ ಏಳುತ್ತಿಲ್ಲ. ಐದು ನಿಮಿಷ ಹಾಗೇ ಬಿಡಿ. ಹಲವು ಬೋರ್ಡ್‌ಗಳು ಕೆಲವು ಸಲ ಯತ್ನಿಸಿ ತಾವೇ ಹಳೆಯ ವೇಗಕ್ಕೆ ಮರಳುತ್ತವೆ. ಮರಳದಿದ್ದರೆ ಪವರ್ ಕೇಬಲ್ ಕಿತ್ತು, ಆನ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ನಂತರ ಬೋರ್ಡ್ ಮೇಲೆ ಕ್ಲಿಯರ್ ಸಿಎಂಒಎಸ್ ಎಂದಿರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ. ಪಿನ್ ಸಿಗದಿದ್ದರೆ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಡಿ. ಇದಾದ ಮೇಲೆ ಮೊದಲ ಸಲ ಆನ್ ಮಾಡಿದಾಗ ಒಂದೆರಡು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಆಗ ಬೋರ್ಡ್ ರ‍್ಯಾಮನ್ನು ಹೊಸದಾಗಿ ಪರೀಕ್ಷಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಆಫ್ ಮಾಡಬೇಡಿ.

ಮುಂದಿನ ಸಲ 3600ಕ್ಕೆ ಯತ್ನಿಸಿ. ಎಫ್‌ಸಿಎಲ್‌ಕೆ (ಪ್ರೊಸೆಸರ್ ಒಳಗಿನ ಭಾಗಗಳನ್ನು ಬೆಸೆಯುವ ಜಾಲದ ವೇಗ) 1800, ರ‍್ಯಾಮ್ ವೋಲ್ಟೇಜ್ 1.35 ಇರಲಿ. ವಿಂಡೋಸ್‌ಗೆ ಹೋಗುವ ಮೊದಲೇ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ವೇಗ ಇಳಿಸಿ. ರ‍್ಯಾಮ್‌ನ ತಪ್ಪುಗಳು ಸದ್ದಿಲ್ಲದೆ ನಿಮ್ಮ ಫೋಟೊ, ದಾಖಲೆಗಳನ್ನೇ ಕೆಡಿಸುತ್ತವೆ.

ಪ್ರಶ್ನೆ: ರೈಜನ್ 3 3200ಜಿ, ಎ320 ಬೋರ್ಡ್. ಓವರ್‌ಕ್ಲಾಕ್ ಮೆನುವೇ ಕಾಣುತ್ತಿಲ್ಲ.
– ಓದುಗರು, ಶಿರಸಿ

ಉತ್ತರ: ಎ320 ಚಿಪ್‌ಸೆಟ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಂಗ್‌ಗೆ ಅವಕಾಶವಿಲ್ಲ. ಅದಕ್ಕೆ ಬಿ350, ಬಿ450, ಬಿ550 ಅಥವಾ ಎಕ್ಸ್ ಸರಣಿಯ ಬೋರ್ಡ್ ಬೇಕು. ಇದೊಂದಕ್ಕಾಗಿ ಬೋರ್ಡ್ ಬದಲಿಸುವುದು ಬೇಡ. ಎರಡು ರ‍್ಯಾಮ್ ಹಾಕಿ, 2933 ವೇಗ ಬರುತ್ತಿದೆಯೇ ನೋಡಿ.

ಪ್ರಶ್ನೆ: 5600ಜಿ ಜೊತೆ ಬಂದ ಕೂಲರನ್ನೇ ಬಳಸುತ್ತಿದ್ದೇನೆ. ಏಪ್ರಿಲ್‌ನಲ್ಲಿ ಗೇಮ್ ಆಡುವಾಗ 93 ಡಿಗ್ರಿ ತೋರಿಸುತ್ತದೆ. ಅಪಾಯವೇ?
– ಓದುಗರು, ಕಲಬುರಗಿ

ಉತ್ತರ: ಈ ಪ್ರೊಸೆಸರ್‌ನ ಮಿತಿ 95 ಡಿಗ್ರಿ. ಅಲ್ಲಿಗೆ ಮುಟ್ಟಿದಾಗ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಗ ಓವರ್‌ಕ್ಲಾಕ್ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕೋಣೆಯ ಬಿಸಿ ಏರಿದಷ್ಟೂ ಚಿಪ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರಿನ 26 ಡಿಗ್ರಿ ಕೋಣೆಯಲ್ಲಿ ಯಾರೋ ಪರೀಕ್ಷಿಸಿ ಹೇಳಿದ ಸೆಟ್ಟಿಂಗ್ ನಿಮ್ಮ 38 ಡಿಗ್ರಿಗೆ ಹೊಂದದು. ಹೀಟ್‌ಸಿಂಕ್‌ನ ದೂಳು ತೆಗೆದು, ಅದರ ಮತ್ತು ಪ್ರೊಸೆಸರ್ ನಡುವಿನ ಥರ್ಮಲ್ ಪೇಸ್ಟ್ ಬದಲಿಸಿ, ಪಿಬಿಒ ಆಫ್ ಮಾಡಿ. ಆಗಲೂ 90 ದಾಟಿದರೆ ಬೇಸಿಗೆ ಮುಗಿಯುವವರೆಗೆ ಬಯೋಸ್‌ನಲ್ಲಿ ಸಿಟಿಡಿಪಿಯನ್ನು (ಪ್ರೊಸೆಸರ್ ಬಳಸುವ ವಿದ್ಯುತ್ತಿನ ಮಿತಿ) 45 ವ್ಯಾಟ್‌ಗೆ ಇಳಿಸಿಡಿ. ನಾಲ್ಕು ಹೀಟ್‌ಪೈಪ್‌ಗಳ ಟವರ್ ಕೂಲರ್ ಹಾಕಿಸಿದರೆ ಈ ಮಿತಿ ಬೇಕಾಗದು.