ಚಿಂದಿ ಮೊದಲು, ಬ್ರಷ್ ಕೊನೆಗೆ

ಪ್ರಶ್ನೆ: ಪದವಿ ಓದುತ್ತಿದ್ದೇನೆ. 50 ಮೀಟರ್ ಪ್ರೋನ್ (ಮಲಗಿ ಗುರಿ ಹೊಡೆಯುವುದು) ಅಭ್ಯಾಸ ಮಾಡುತ್ತೇನೆ. ಟೂ ಟೂ (.22) ರೈಫಲ್ ಹೊಡೆದ ದಿನವೆಲ್ಲ ಬ್ರಷ್ ಹಾಕಿ ಉಜ್ಜಬೇಕು ಅಂತ ಒಬ್ಬರು ಹೇಳುತ್ತಾರೆ. ಬ್ಯಾರೆಲ್ ಮುಟ್ಟಲೇಬೇಡ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?
– ಓದುಗ, ಸೇಡಂ

ಉತ್ತರ: ಇಬ್ಬರದ್ದೂ ಅರ್ಧರ್ಧ ಕೇಳಿ. ಸೈನ್ಯದಲ್ಲಿ ನನ್ನ ಕೆಲಸವೇ ಆಯುಧ ರಿಪೇರಿ. ಗುಂಡು ಹೊಡೆದು ಸವೆದ ಟೂ ಟೂ ಬ್ಯಾರೆಲ್ ನಾನು ನೋಡಿದ್ದು ಕಡಿಮೆ. ಉಜ್ಜಿ ಉಜ್ಜಿ ಕೆಡಿಸಿದ್ದು ಭಾಳ ನೋಡಿದ್ದೇನೆ.

ಯಾಕೆ ಅಂದರೆ, ನೀವು ಹೊಡೆಯುವ ಗುಂಡು ಬರೀ ಸೀಸ. ಮೇಲೆ ತೆಳ್ಳಗೆ ಮೇಣ. ವೇಗ ಸೆಕೆಂಡಿಗೆ ಸುಮಾರು 330 ಮೀಟರ್, ಹೆಚ್ಚುಕಡಿಮೆ ಸದ್ದಿನಷ್ಟೇ. ಇದರಿಂದ ಉಕ್ಕು ಬೇಗ ಸವೆಯುವುದಿಲ್ಲ. ಆ ಮೇಣ ನಳಿಗೆಯ ಒಳಗೆ ಒಂದು ಪದರ ಕಟ್ಟುತ್ತದೆ. ಗುಂಡುಗಳು ಒಂದೇ ಕಡೆ ಬೀಳಬೇಕಾದರೆ ಆ ಪದರ ಬೇಕು. ಪೂರ್ತಿ ತೊಳೆದ ನಳಿಗೆಯಲ್ಲಿ ಮೊದಲ ಹತ್ತು ಹದಿನೈದು ಗುಂಡು ಅಲ್ಲಿ ಇಲ್ಲಿ ಹೋಗುವುದು ಇದಕ್ಕೇ. ಸ್ಪರ್ಧೆಯ ಹಿಂದಿನ ರಾತ್ರಿ ಫಳಫಳ ಹೊಳೆಯುವ ಹಾಗೆ ಉಜ್ಜಿ ಮಲಗುವ ಹುಡುಗರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಹಾಗಂತ ಸುಮ್ನೆ ಬಿಟ್ಟುಬಿಡಬೇಡಿ. ನಿಮ್ಮ ಟೂ ಟೂದಂಥ ರಿಮ್‌ಫೈರ್ ತೋಟೆಯಲ್ಲಿ ಕಿಡಿ ಹತ್ತಿಸುವ ಮದ್ದು ಅಡಿಯ ಅಂಚಿನೊಳಗೇ ಇರುತ್ತದೆ. ಪಿನ್ ಆ ಅಂಚನ್ನು ಜಜ್ಜಿದಾಗ ಹೊತ್ತಿಕೊಳ್ಳಲಿ ಅಂತ ಎಷ್ಟೋ ತೋಟೆಗಳ ಮದ್ದಿನಲ್ಲಿ ಗಾಜಿನ ಪುಡಿಯನ್ನೂ ಬೆರೆಸಿರುತ್ತಾರೆ. ಆ ಪುಡಿ, ಮಸಿ, ಸೀಸ ಎಲ್ಲ ಸೇರಿ ಚೇಂಬರ್ (ತೋಟೆ ಕೂರುವ ಜಾಗ) ಮುಗಿದು, ಗುಂಡನ್ನು ತಿರುಗಿಸುವ ಗೀರು ಶುರುವಾಗುವಲ್ಲಿ ಬಳೆಯಂತೆ ಗಟ್ಟಿಯಾಗುತ್ತದೆ. ಕೆಳಭಾಗದಲ್ಲಿ ಜಾಸ್ತಿ. ತೋಟೆ ಕೂರಿಸುವಾಗ ಬಿಗಿ ಅನ್ನಿಸಿದರೆ, ಗುರಿಯ ಮೇಲೆ ಒತ್ತೊತ್ತಾಗಿ ಬೀಳುತ್ತಿದ್ದ ಗುಂಪಿನಿಂದ ಒಂದೊಂದು ಗುಂಡು ಓಡಿಹೋದರೆ, ಮೊದಲು ಅಲ್ಲಿ ನೋಡಿ. ನಾನು 200–300 ಗುಂಡಿಗೊಮ್ಮೆ ಆ ಒಂದಿಂಚು ಜಾಗವನ್ನು ಬಿಡದೆ ಬಿಡಿಸುತ್ತೇನೆ. ಉಳಿದ ನಳಿಗೆಗೆ ಚಿಂದಿ ಸಾಕು.

ಚಿಂದಿಯ ಅಳತೆಯನ್ನೂ ಹೇಳಬೇಕು. ನಮಗೆ ಕಲಿಸಿದ್ದು 4 ಇಂಚು ಉದ್ದ, 2 ಇಂಚು ಅಗಲ. ಅದು ತ್ರೀ ನಾಟ್ ತ್ರೀ (.303) ರೈಫಲ್ ಕಾಲದ ಲೆಕ್ಕ. 5.6 ಮಿಲಿಮೀಟರಿನ ನಿಮ್ಮ ನಳಿಗೆಗೆ ಅದನ್ನು ತುರುಕಿದರೆ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಹಳೆಯ ಧೋತರ ಒಗೆದು ಒಣಗಿಸಿ ಚಿಕ್ಕ ಚೌಕ ಕತ್ತರಿಸಿಕೊಳ್ಳಿ. ಬೆರಳಿನಿಂದ ಒತ್ತಿದರೆ ರಾಡು ಸ್ವಲ್ಪ ಬಿಗಿಯಾಗಿ, ಆದರೆ ತಡೆಯದೆ ಒಳಗೆ ಹೋಗಬೇಕು.

ಮ್ಯಾಗಜಿನ್ ತೆಗೆಯಿರಿ. ಚೇಂಬರ್ ಖಾಲಿ ಇದೆಯೇ ಅಂತ ಕಣ್ಣಿಂದ ನೋಡಿ, ಬೆರಳಿಟ್ಟೂ ನೋಡಿ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಕಳಚಿ. ನಳಿಗೆಯ ಬಾಯಿ ಸ್ವಲ್ಪ ಕೆಳಗಿರಲಿ, ಇಲ್ಲದಿದ್ದರೆ ಕೊಳೆ ಕರಗಿಸುವ ಸಾಲ್ವೆಂಟ್ ಟ್ರಿಗರಿಗೆ ಇಳಿಯುತ್ತದೆ. ಹಿಂದಿನಿಂದ ರಾಡನ್ನು ನೆಟ್ಟಗೆ ಹಿಡಿಯುವ ರಾಡ್ ಗೈಡ್ ಕೂರಿಸಿ, ಸಾಲ್ವೆಂಟಿನಲ್ಲಿ ಒದ್ದೆ ಮಾಡಿದ ಚಿಂದಿಯನ್ನು ಒಂದೇ ದಿಕ್ಕಿಗೆ ತಳ್ಳಿ. ಬಾಯಿಯಲ್ಲಿ ಚಿಂದಿ ಉದುರಲಿ, ಆಮೇಲೆ ರಾಡ್ ಹಿಂದೆ ಎಳೆಯಿರಿ. ಹತ್ತು ನಿಮಿಷ ಬಿಟ್ಟು ಒಣ ಚಿಂದಿ ಹಾಕಿ. ಪ್ರತಿ ಸಲವೂ ರಾಡ್ ಒರೆಸಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಎರೆ ಮಣ್ಣಿನ ದೂಳು ಬಿಸಿಲುಗಾಲದಲ್ಲಿ ಎಲ್ಲಿ ನೋಡಿದರೂ ಕೂತಿರುತ್ತದೆ. ದೂಳು ಹಿಡಿದ ರಾಡು ಮರಳು ಕಾಗದವಿದ್ದ ಹಾಗೆ. ಬ್ರಷ್ ಬೇಕೇ ಬೇಕು ಅನ್ನಿಸಿದರೆ ಕಂಚಿನದ್ದು, ನಾಲ್ಕೈದು ಸಲ, ಅಷ್ಟೇ. ಉಕ್ಕಿನ ಬ್ರಷ್ ಬೇಡವೇ ಬೇಡ. ತಾಮ್ರ ಕರಗಿಸುವ ಖಾರದ ಸಾಲ್ವೆಂಟಿಗೂ ದುಡ್ಡು ಹಾಕಬೇಡಿ. ನಿಮ್ಮ ಗುಂಡಿಗೆ ತಾಮ್ರದ ಹೊದಿಕೆಯೇ ಇಲ್ಲವಲ್ಲ.

ಪ್ರಶ್ನೆ: ಅಜ್ಜನ ಕಾಲದಿಂದ ಮನೆಯಲ್ಲಿ ಲೈಸೆನ್ಸಿನ ಟೂ ಟೂ ಇದೆ. ಬೋಲ್ಟ್ ಹಿಂದಿನಿಂದ ಕಳಚಿ ಹೊರಗೆ ಬರುವುದಿಲ್ಲ. ಅದಕ್ಕೆ ಮುಂದಿನಿಂದ ರಾಡ್ ಹಾಕಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ತಪ್ಪೇ?
– ಒಬ್ಬ ರೈತ, ಸುರಪುರ

ಉತ್ತರ: ಮುಂದಿನಿಂದ ರಾಡ್ ಹಾಕುವುದೇ ದೊಡ್ಡ ಅಪಾಯ. ಗುಂಡು ಕೊನೆಯದಾಗಿ ಬಿಟ್ಟುಹೋಗುವ ಅಂಚು ಬ್ಯಾರೆಲ್ಲಿನ ಬಾಯಿ. ಅದು ಒಂದು ಕಡೆ ಸವೆದರೆ ಹಿಂದಿನಿಂದ ನುಗ್ಗುವ ಗಾಳಿ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದೇ ಮಾಡಿದ್ದೆ. ಉಕ್ಕಿನ ಜೋಡಣೆ ರಾಡು, ಸಂಜೆಯ ಗಡಿಬಿಡಿ. ಕೆಲವು ತಿಂಗಳಲ್ಲಿ ಆ ರೈಫಲ್ ಗುರಿ ಕಳೆದುಕೊಂಡಿತು. ನಮ್ಮ ಉಸ್ತಾದರು ಬೈಯಲಿಲ್ಲ. ಕಡ್ಡಿಗೆ ಹತ್ತಿ ಸುತ್ತಿ ಬಾಯಿಯ ಒಳ ಅಂಚಿನಲ್ಲಿ ಮೆಲ್ಲಗೆ ತಿರುಗಿಸಿದರು. ಒಂದೇ ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತಿತ್ತು. ಆ ಎಳೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ನೀವೂ ಹೀಗೇ ಪರೀಕ್ಷಿಸಿ. ಎಳೆ ಸಿಕ್ಕಿದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಬಾಯಿ ಮತ್ತೆ ಕಡೆಸಬಹುದು. ಅರ ಹಿಡಿದು ನೀವೇ ಕೂರಬೇಡಿ.

ಇನ್ನು ಮೇಲೆ ಪುಲ್‌ಥ್ರೂ (ತುದಿಗೆ ಚಿಂದಿ ಕಟ್ಟಿ ಎಳೆಯುವ ದಾರ) ಬಳಸಿ. ದಾರವನ್ನು ಚೇಂಬರ್ ಕಡೆಯಿಂದ ಇಳಿಸಿ, ನಳಿಗೆಯ ಬಾಯಿಯ ಕಡೆಯಿಂದ ನೆಟ್ಟಗೆ ಎಳೆಯಿರಿ. ಓರೆಯಾಗಿ ಎಳೆದರೆ ದಾರವೂ ಅಂಚನ್ನು ತಿನ್ನುತ್ತದೆ.

ಕೊಬ್ಬರಿ ಎಣ್ಣೆ ಬೇಡ. ನಮ್ಮ ಕಡೆ ಡಿಸೆಂಬರಿನಲ್ಲಿ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ ಅಲ್ವಾ? ನಳಿಗೆಯಲ್ಲೂ ಹಾಗೇ. ಹಳೆಯದಾದರೆ ಅಂಟು. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ, ಆದರೆ ತುಕ್ಕು ತಡೆಯುವುದಿಲ್ಲ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಮೆಷಿನ್ನಿನ ಎಣ್ಣೆ ತೆಳ್ಳಗೆ ಹಚ್ಚಿ. ಹೊಡೆಯುವ ಮೊದಲು ಒಣ ಚಿಂದಿ ಹಾಯಿಸಿ ತೆಗೆಯಿರಿ. ಮೇ ತಿಂಗಳಲ್ಲಿ ಕೈ ಬೆವರಿನ ಉಪ್ಪೇ ಹೊರಗಿನ ಉಕ್ಕಿಗೆ ತುಕ್ಕು ತರುತ್ತದೆ. ಅದನ್ನೂ ಒರೆಸಿ. ಮಳೆಗಾಲದಲ್ಲಿ ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಸ್ಪಂಜು ತೇವ ಹಿಡಿಯುತ್ತದೆ. ಕಲಬುರಗಿ ಕೋಟೆಯ ಬಾರಾ ಗಜಿ ತೋಪು ಮಳೆ ಬಿಸಿಲು ತಿಂದೂ ನಿಂತಿದೆ, ಅದರ ಮೈ ಅಷ್ಟು ದಪ್ಪ. ನಿಮ್ಮ ರೈಫಲ್ಲಿನ ಗೀರು ಕೂದಲೆಳೆಯಷ್ಟೇ ಆಳ.

ಪ್ರಶ್ನೆ: ಮಗ ಅಭ್ಯಾಸದ ಜಾಗದಲ್ಲೇ ರೈಫಲ್ ಒರೆಸಿ ಬರುತ್ತಾನೆ. ಕೈ ಕಪ್ಪಗಿರುತ್ತದೆ. ಏನಾದರೂ ತೊಂದರೆಯೇ?
– ಒಬ್ಬ ತಾಯಿ, ಹುಮನಾಬಾದ್

ಉತ್ತರ: ಒಳ್ಳೆಯದನ್ನೇ ಕೇಳಿದಿರಿ ತಾಯಿ. ಆ ಕಪ್ಪಿನಲ್ಲಿ ಸೀಸ ಇರುತ್ತದೆ. ಹೊಟ್ಟೆಗೆ ಹೋದರೆ ವಿಷ, ಬೆಳೆಯುವ ಮಕ್ಕಳಿಗಂತೂ ಇನ್ನೂ ಕೆಟ್ಟದ್ದು. ಒರೆಸುವಾಗ ತೆಳು ಕೈಗವಸು ಹಾಕಿಕೊಳ್ಳಲಿ. ಮುಗಿದ ಕೂಡಲೇ ತಣ್ಣೀರು, ಸೋಪಿನಿಂದ ಕೈ ಮುಖ ತೊಳೆಯಲಿ. ಅದಕ್ಕೂ ಮೊದಲು ನೀರಿನ ಬಾಟಲಿಯನ್ನೂ ಮುಟ್ಟುವುದು ಬೇಡ. ಆ ದಿನದ ಅಂಗಿಯನ್ನು ಮನೆಯವರ ಬಟ್ಟೆಯ ಜೊತೆ ನೆನೆಸಬೇಡಿ. ಚಿಕ್ಕ ತಂಗಿ ತಮ್ಮ ಇದ್ದರೆ, ಸ್ನಾನ ಆದ ಮೇಲೆ ಎತ್ತಿಕೊಳ್ಳಲಿ.