ಬೇಡವೆಂದರೂ ಬಿಡದ ಇಂಟರ್ನೆಟ್

ಪ್ರಶ್ನೆ: ಹಾನುಬಾಳಿನ ಹತ್ತಿರ ತೋಟದ ಮನೆ ನಮ್ಮದು. ಮಳೆ ಹಿಡಿದರೆ ಲೈನ್ ಸತ್ತೇ ಹೋಗುತ್ತದೆಂದು ಖಾಸಗಿ ಕಂಪನಿಯೊಂದರ ಬ್ರಾಡ್‌ಬ್ಯಾಂಡ್ ಬಿಡಿಸಿದೆ. ಫೋನಿನಲ್ಲಿ ‘ಆಯ್ತು ಸಾರ್’ ಅಂದವರು ಬಿಲ್ ನಿಲ್ಲಿಸಿಲ್ಲ. ಈಗ ವಕೀಲರ ನೋಟಿಸ್ ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಸಕಲೇಶಪುರ

ಉತ್ತರ: ಹೆದರಬೇಡಿ, ಹಾಗಂತ ಸುಮ್ಮನೆಯೂ ಕೂರಬೇಡಿ. ಈ ಕಾಟ ಡಯಲ್-ಅಪ್, ಅಂದರೆ ಫೋನ್ ಲೈನಿನಲ್ಲಿ ಡಯಲ್ ಮಾಡಿ ಇಂಟರ್ನೆಟ್ ಹಿಡಿಯುತ್ತಿದ್ದ ಕಾಲದ್ದು. ಸಂಪರ್ಕ ಬೇಡ ಎಂದ ಗ್ರಾಹಕರನ್ನು ಹಿಡಿದಿಟ್ಟುಕೊಂಡ ಸಿಬ್ಬಂದಿಗೆ ಅಮೆರಿಕದ ಎಒಎಲ್ ಕಂಪನಿ ಬೋನಸ್ಸೇ ಕೊಡುತ್ತಿತ್ತು! ನ್ಯೂಯಾರ್ಕ್ ರಾಜ್ಯ ತನಿಖೆ ಮಾಡಿದ ಮೇಲೆ, 2005ರಲ್ಲಿ ಕಂಪನಿ 12.5 ಲಕ್ಷ ಡಾಲರ್ ತೆತ್ತು ರಾಜಿಗೆ ಬಂತು. ಆ ಡಯಲ್-ಅಪ್ ಸೇವೆ ನಿಂತದ್ದು 2025ರ ಸೆಪ್ಟೆಂಬರ್ 30ಕ್ಕೆ. ‘ಇನ್ನೊಂದು ತಿಂಗಳು ನೋಡಿ ಸಾರ್’ ಅನ್ನುವ ರಾಗ ಮಾತ್ರ ನಿಂತಿಲ್ಲ.

ನಿಮ್ಮ ತೊಡಕೆಲ್ಲ ಬಾಯಿಮಾತಿನದು. ಸಂಪರ್ಕ ಬೇಡವೆಂದು ಇವತ್ತೇ ಇಮೇಲ್ ಹಾಕಿ, ಮೊದಲು ಫೋನ್ ಮಾಡಿದ ತಾರೀಖನ್ನೂ ಬರೆಯಿರಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಮೋಡೆಮ್ ಇನ್ನೂ ಮನೆಯಲ್ಲಿದ್ದರೆ ರಸೀದಿ ಇಲ್ಲದೆ ಯಾವ ಹುಡುಗನ ಕೈಗೂ ಕೊಡಬೇಡಿ. ಆಮೇಲೆ ಅದರ ಬೆಲೆಯನ್ನೂ ನಿಮ್ಮ ತಲೆಗೆ ಕಟ್ಟುತ್ತಾರೆ. ಬ್ಯಾಂಕಿನಿಂದ ತಾನಾಗಿ ಹಣ ಕಡಿತವಾಗುವ ಏರ್ಪಾಡಿದ್ದರೆ ರದ್ದು ಮಾಡಿಸಿ.

ಉತ್ತರ ಬರದಿದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ, ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಿಮ್ಮಷ್ಟು ಮೊತ್ತದ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು, ಅಷ್ಟೇ.