ಹರಿಕೇನ್ ಬರುತ್ತೆ ಅಂತ ಗೊತ್ತಿದ್ದೂ ಜನ ಯಾಕೆ ಊರು ಬಿಡುವುದಿಲ್ಲ?

ನಿಮ್ಮ ಮಗಳು ಫ್ಲಾರಿಡಾದ ಟ್ಯಾಂಪಾದಲ್ಲಿದ್ದಾಳೆ. ಹರಿಕೇನ್, ಅಂದರೆ ಚಂಡಮಾರುತ, ಬರುತ್ತೆ ಅಂತ ನಾಲ್ಕು ದಿನ ಮೊದಲೇ ಟಿವಿಯಲ್ಲಿ ಹೇಳಿದರೂ ಜನ ಸಮುದ್ರದ ದಂಡೆಯಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಾ ನಿಂತಿರುತ್ತಾರೆ, ಮಗಳೂ "ಏನಾಗಲ್ಲ ಬಿಡಮ್ಮ" ಅಂತಾಳೆ, ಇವರಿಗೆಲ್ಲ ಭಯವೇ ಇಲ್ವಾ ಅಂತ ಕೇಳಿದ್ದೀರಿ.

ನಾನೂ ಟ್ಯಾಂಪಾದಲ್ಲೇ ಇರೋದು, 2016ರಿಂದ. ಭಯ ಇದೆ. ಆದರೆ ನಾನು ನೋಡಿದ ಮಟ್ಟಿಗೆ ಜನ ಹೆದರೋದು ಈಗ ಬರುತ್ತಿರುವ ಗಾಳಿಗಲ್ಲ, ಹೋದ ಸಲ ಬಂದುಹೋದ ಗಾಳಿಗೆ. ಹೋದ ಸಲ ಏನೂ ಆಗಿಲ್ಲ ಅಂದರೆ ಈ ಸಲ ಸೆಲ್ಫಿ. ಹೋದ ಸಲ ಮನೆಯೊಳಗೆ ಸೋಫಾ ತೇಲಿದ್ದರೆ ಈ ಸಲ ಎಲ್ಲರಿಗಿಂತ ಮೊದಲು ಪೆಟ್ರೋಲ್ ಬಂಕಿನ ಸಾಲಿನಲ್ಲಿ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೊದಲು ಈ ಊರಿನ ಅಭ್ಯಾಸ ಹೇಳಿಬಿಡುತ್ತೇನೆ. ಟ್ಯಾಂಪಾ ಕೊಲ್ಲಿಗೆ ದೊಡ್ಡ ಹರಿಕೇನ್ ನೇರವಾಗಿ ಬಡಿದದ್ದು 1921ರಲ್ಲಿ. ಆಮೇಲೆ ಬಂದವೆಲ್ಲ ಒಂದಲ್ಲ ಒಂದು ರೀತಿ ಪಕ್ಕಕ್ಕೆ ಸರಿದಿವೆ. 2004ರಲ್ಲಿ ಚಾರ್ಲಿ ಅನ್ನೋ ಹರಿಕೇನ್ ಟ್ಯಾಂಪಾಕ್ಕೇ ಬರುತ್ತೆ ಅಂದರು, ಕೊನೇ ಗಳಿಗೆಯಲ್ಲಿ ದಕ್ಷಿಣದ ಪುಂಟಾ ಗೋರ್ಡಾಕ್ಕೆ ನುಗ್ಗಿತು. 2022ರ ಸೆಪ್ಟೆಂಬರ್‌ನಲ್ಲಿ ಇಯನ್ ಕೂಡ ನಮ್ಮ ಕಡೆಗೇ ಬರುತ್ತಿದ್ದದ್ದು ಫೋರ್ಟ್ ಮಯರ್ಸ್ ಕಡೆ ತಿರುಗಿತು. ಅಲ್ಲಿ ಸಮುದ್ರ ಊರೊಳಗೇ ಬಂತು. ಫ್ಲಾರಿಡಾದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲಿ ನಾಲ್ಕು ಕೊಂಬೆ ಬಿದ್ದವು, ಅಷ್ಟೇ.

ಹೀಗೆ ನೂರು ವರ್ಷ ತಪ್ಪಿಸಿಕೊಂಡರೆ ಏನಾಗುತ್ತೆ? ಕಥೆ ಹುಟ್ಟಿಕೊಳ್ಳುತ್ತೆ. ಇಲ್ಲಿಯ ಮೂಲನಿವಾಸಿಗಳಾದ ಟೊಕೊಬಾಗಾ ಜನ ಕಟ್ಟಿದ ಮಣ್ಣಿನ ದಿಬ್ಬಗಳು ಕೊಲ್ಲಿಯನ್ನು ಕಾಯುತ್ತವೆ ಅಂತ ಒಂದು ನಂಬಿಕೆ ಇದೆ. ತಮಾಷೆ ಅಂದುಕೊಂಡಿದ್ದೆ. ನಮ್ಮ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಗಂಭೀರವಾಗಿಯೇ ಹೇಳಿದರು. ನಮ್ಮ ಕಡೆ ಊರಮ್ಮ ಗಡಿ ಕಾಯ್ತಾಳೆ ಅಂತಾರಲ್ಲ, ಥೇಟ್ ಹಾಗೇ.

2017ರ ಇರ್ಮಾ ನನ್ನ ಮೊದಲ ಹರಿಕೇನ್. ಆಗ ಇಡೀ ರಾಜ್ಯ ದಾರಿಯಲ್ಲಿತ್ತು. ಅರವತ್ತು ಲಕ್ಷಕ್ಕೂ ಹೆಚ್ಚು ಜನಕ್ಕೆ ಮನೆ ಬಿಡಿ ಅಂತ ಆದೇಶ. ಮೊದಲು ಮಯಾಮಿ ಕಡೆ ಬರುತ್ತೆ ಅಂದರು, ಅಲ್ಲಿಂದ ಎಷ್ಟೋ ಜನ ಕಾರು ತುಂಬಿಕೊಂಡು ನಮ್ಮೂರಿಗೆ ಬಂದರು. ಅಷ್ಟರಲ್ಲಿ ಇರ್ಮಾ ಪಶ್ಚಿಮಕ್ಕೆ ಸರಿದು ಅವರ ಹಿಂದೆಯೇ ಬಂತು! ಅದೇ ವಾರ ಫೇಸ್‌ಬುಕ್ಕಿನಲ್ಲಿ ಯಾರೋ "ಇರ್ಮಾಗೆ ಗುಂಡು ಹೊಡೆಯೋಣ ಬನ್ನಿ" ಅಂತ ಒಂದು ಕಾರ್ಯಕ್ರಮ ಹಾಕಿದರು. ಸಾವಿರಾರು ಜನ ನಾನೂ ಬರ್ತೀನಿ ಅಂತ ಒತ್ತಿದರು. ಕೊನೆಗೆ ನಮ್ಮ ಪಕ್ಕದ ಪಾಸ್ಕೋ ಕೌಂಟಿಯ ಶೆರಿಫ್ ಕಚೇರಿ, ಚಂಡಮಾರುತಕ್ಕೆ ಗುಂಡು ಹಾರಿಸಬೇಡಿ, ಅದು ವಾಪಸ್ ಹೋಗಲ್ಲ ಅಂತ ಟ್ವೀಟ್ ಮಾಡಬೇಕಾಯಿತು. ನಗು ಬರುತ್ತೆ, ನಿಜ. ಆದರೆ ನಾಲ್ಕು ದಿನ ಏನೂ ಮಾಡಲಾಗದೆ ಟಿವಿ ಮುಂದೆ ಕೂತವರಿಗೆ ಭಯ ಈ ರೂಪದಲ್ಲೂ ಹೊರಗೆ ಬರುತ್ತೆ. ಆ ಸೆಲ್ಫಿಗಳಲ್ಲೂ ಅರ್ಧ ಇದೇ ಅಂತ ನನ್ನ ಅನಿಸಿಕೆ. ಇನ್ನರ್ಧ ಶುದ್ಧ ಹುಚ್ಚು, ಅದನ್ನು ನಾನು ಸಮರ್ಥಿಸಲ್ಲ. ಇರ್ಮಾ ಗಾಳಿ ಕೊಲ್ಲಿಯ ನೀರನ್ನೇ ಸಮುದ್ರದ ಕಡೆ ದೂಡಿದಾಗ ಬೇಶೋರ್ ರಸ್ತೆಯ ಪಕ್ಕ ಕೆಸರು ತಳ ಕಾಣಿಸಿತು. ಜನ ನಾಯಿ ಕರೆದುಕೊಂಡು ಅದರ ಮೇಲೆ ವಾಕಿಂಗ್ ಹೋದರು. ಹೋದ ನೀರು ವಾಪಸ್ ಬರಬೇಕಲ್ವಾ?

ಇಯನ್ ಬಂದಾಗ ನಾವು ಬುದ್ಧಿವಂತರ ಹಾಗೆ ಊರು ಬಿಟ್ಟೆವು. ಒರ್ಲ್ಯಾಂಡೊದಲ್ಲಿ ಹೋಟೆಲ್, ಮೂರು ರಾತ್ರಿ, ಮಾಮೂಲಿಗಿಂತ ಜಾಸ್ತಿ ರೇಟು. ಇಯನ್ ತಿರುಗಿ ಒರ್ಲ್ಯಾಂಡೊ ಕಡೆಗೇ ಹಾದುಹೋಯಿತು. ಅಲ್ಲಿ ರಸ್ತೆಗಳಲ್ಲಿ ನೀರು ನಿಂತಿತ್ತು. ವಾಪಸ್ ಬಂದರೆ ಟ್ಯಾಂಪಾದ ನಮ್ಮ ಮನೆಯ ಮುಂದಿನ ತುಳಸಿ ಕುಂಡ ಕೂಡ ಅಲುಗಾಡಿರಲಿಲ್ಲ. ಅವತ್ತೇ ನನ್ನ ಹೆಂಡತಿ, "ಇನ್ನೊಂದ್ಸಲ ಎಲ್ಲಿಗೂ ಬರಲ್ಲ ನಾನು" ಅಂದಳು. ನಾನೂ ಹ್ಞೂಂ ಅಂದೆ. ನಿಮ್ಮ ಮಗಳ "ಏನಾಗಲ್ಲ ಬಿಡಮ್ಮ" ಹುಟ್ಟೋದು ಹೀಗೆ. ತೋಳ ಬಂತು ತೋಳ ಅನ್ನೋ ಕಥೆಯೇ, ಆದರೆ ಇಲ್ಲಿ ಕೂಗುವವರು ಸುಳ್ಳು ಹೇಳುತ್ತಿಲ್ಲ. ತೋಳ ನಿಜವಾಗಿಯೂ ಬರುತ್ತೆ, ಪಕ್ಕದ ಹಟ್ಟಿಗೆ ಹೋಗುತ್ತೆ.

ಟಿವಿಯಲ್ಲಿ ಕೋನ್ ತೋರಿಸ್ತಾರಲ್ಲ, ಬಿಳಿ ಶಂಕುವಿನ ಥರ, ಅದನ್ನು ಓದೋದರಲ್ಲೂ ಎಲ್ಲರೂ ಎಡವುತ್ತಾರೆ. ಅದು ಹಾನಿಯಾಗುವ ಜಾಗದ ನಕ್ಷೆ ಅಲ್ಲ. ಚಂಡಮಾರುತದ ನಡುಬಿಂದು ಎಲ್ಲೆಲ್ಲಿ ಹೋಗಬಹುದು ಅನ್ನೋ ಅಂದಾಜು ಅಷ್ಟೇ. ಮೂರರಲ್ಲಿ ಎರಡು ಸಲ ಅದರೊಳಗೆ ಇರುತ್ತೆ, ಇನ್ನೊಂದು ಸಲ ಹೊರಗೆ. ಮಳೆ, ಗಾಳಿ, ಉಕ್ಕುವ ಸಮುದ್ರ ಇದ್ಯಾವುದೂ ಆ ಗೆರೆ ಕೇಳಿಕೊಂಡು ಬರಲ್ಲ. ಅಡ್ವೈಸರಿ, ಅಂದರೆ ಹೊಸ ಮುನ್ಸೂಚನೆ, ಬೆಳಿಗ್ಗೆ ಐದಕ್ಕೆ, ಹನ್ನೊಂದಕ್ಕೆ, ಮತ್ತೆ ಸಂಜೆ ಐದಕ್ಕೆ, ರಾತ್ರಿ ಹನ್ನೊಂದಕ್ಕೆ ಬರುತ್ತೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಕಾದ ಹಾಗೆ ಊರೆಲ್ಲ ಕಾಯುತ್ತೆ. ಗೆರೆ ಒಂದು ಬೆರಳು ದಕ್ಷಿಣಕ್ಕೆ ಹೋದರೆ ನಮ್ಮಲ್ಲಿ ನಿಟ್ಟುಸಿರು. ಅಂದರೆ ಆ ಹೊತ್ತಿಗೆ ಸರಸೋಟಾದಲ್ಲಿ ಯಾರದೋ ಮನೆಯಲ್ಲಿ ಗಾಬರಿ. ಇದು ನನಗೆ ಪ್ರತಿಸಲವೂ ಮುಜುಗರ.

ಈಗ 2024ಕ್ಕೆ ಬರೋಣ. ಹೆಲೀನ್ ಸೆಪ್ಟೆಂಬರ್ 26ರ ರಾತ್ರಿ ಇಲ್ಲಿಂದ ಎಷ್ಟೋ ದೂರ ಉತ್ತರಕ್ಕೆ ದಡ ಮುಟ್ಟಿತು. ಕೋನ್ ಪ್ರಕಾರ ನಾವು ಹೊರಗೇ. ಆದರೆ ಸಮುದ್ರ ಉಕ್ಕಿತು. ಸೇಂಟ್ ಪೀಟರ್ಸ್‌ಬರ್ಗ್‌ನ ಶೋರ್ ಏಕರ್ಸ್, ಟ್ಯಾಂಪಾದ ಡೇವಿಸ್ ಐಲ್ಯಾಂಡ್ಸ್, ಎಲ್ಲ ಕಡೆ ಮನೆಯೊಳಗೆ ಉಪ್ಪುನೀರು. ಪಿನೆಲ್ಲಸ್ ಕೌಂಟಿಯೊಂದರಲ್ಲೇ ಹನ್ನೆರಡು ಜನ ಸತ್ತರು. ಶೋರ್ ಏಕರ್ಸ್‌ನಲ್ಲಿದ್ದ ನಮ್ಮ ಸ್ನೇಹಿತರ ಕುಟುಂಬ, ಹಾಸನದ ಕಡೆಯವರು, ಊಟದ ಮೇಜಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬೆಳಗು ಮಾಡಿದರು.

ಒಂಬತ್ತೇ ದಿನ. ಅಕ್ಟೋಬರ್ 5ಕ್ಕೆ ಮೆಕ್ಸಿಕೊ ಕೊಲ್ಲಿಯಲ್ಲಿ ಮಿಲ್ಟನ್‌ಗೆ ಹೆಸರಿಟ್ಟರು. ಭಾನುವಾರ ಹರಿಕೇನ್ ಆಯಿತು. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಐದನೇ ದರ್ಜೆ, ಅಂದರೆ ಇರುವುದರಲ್ಲೇ ದೊಡ್ಡದು. ಸಂಜೆಗೆ ಗಾಳಿ ಗಂಟೆಗೆ 180 ಮೈಲಿ, ಸುಮಾರು 290 ಕಿಲೋಮೀಟರ್. ಮಯಾಮಿಯ ಹಳೇ ಹವಾಮಾನ ತಜ್ಞ ಜಾನ್ ಮೊರಾಲೆಸ್ ಮಿಲ್ಟನ್ ನಡುವಿನ ಒತ್ತಡ (ಅದು ಇಳಿದಷ್ಟೂ ಗಾಳಿ ಜೋರು) ಹತ್ತು ಗಂಟೆಯಲ್ಲಿ 50 ಮಿಲಿಬಾರ್ ಇಳಿದಿದೆ ಅಂತ ಹೇಳುವಾಗ ಟಿವಿಯಲ್ಲೇ ಗಂಟಲು ಕಟ್ಟಿ ನಿಂತರು. ಟ್ಯಾಂಪಾ ಮೇಯರ್ ಜೇನ್ ಕ್ಯಾಸ್ಟರ್ ಸುತ್ತಿಬಳಸದೆ, ಖಾಲಿ ಮಾಡಿ ಅಂದ ಜಾಗದಲ್ಲಿ ಉಳಿದರೆ ಸಾಯ್ತೀರಿ ಅಂದುಬಿಟ್ಟರು. ಕೊಲ್ಲಿಯಲ್ಲಿ 10ರಿಂದ 15 ಅಡಿ ನೀರು ಏರಬಹುದು ಅಂತ ಮುನ್ಸೂಚನೆ.

ಆದರೆ ಆ ಸಲ ಜನರನ್ನು ಎಬ್ಬಿಸಿದ್ದು ಮೇಯರ್ ಮಾತಲ್ಲ, ಬೀದಿ. ಹೆಲೀನ್‌ನಲ್ಲಿ ನೆಂದ ಸೋಫಾ, ಹಾಸಿಗೆ, ಫ್ರಿಜ್, ಗೋಡೆಯಿಂದ ಕಿತ್ತ ಡ್ರೈವಾಲ್ ಇನ್ನೂ ಮನೆ ಮುಂದೆ ಆಳೆತ್ತರ ಗುಡ್ಡೆ ಬಿದ್ದಿತ್ತು. ವಾಸನೆ ಬೇರೆ. ಸಾಮಾನ್ಯವಾಗಿ "ನೋಡೋಣ" ಅನ್ನುವವರೆಲ್ಲ ಆ ಗುಡ್ಡೆ ನೋಡಿಕೊಂಡೇ ಕಾರು ಹೊರಡಿಸಿದರು. ಆ ಸೋಮವಾರ ಐ-75 ಹೆದ್ದಾರಿ ಉತ್ತರಕ್ಕೆ ಆಮೆಯ ಹಾಗೆ ಸಾಗುತ್ತಿತ್ತು. ಪೆಟ್ರೋಲ್ ಬಂಕುಗಳಲ್ಲಿ ಪೈಪಿನ ಮೂತಿಗೆ ಹಳದಿ ಪ್ಲಾಸ್ಟಿಕ್ ಚೀಲ. ಚೀಲ ಕಂಡರೆ ಮುಗಿಯಿತು, ಖಾಲಿ ಅಂತ. ನಾನು ಐದು ಬಂಕು ಸುತ್ತಿ ಆರನೆಯದರಲ್ಲಿ ಒಂದೂಕಾಲು ಗಂಟೆ ನಿಂತೆ. ನನ್ನ ಹಿಂದಿನವನು ಹಿಡಿ ಶಾಪ ಹಾಕುತ್ತಿದ್ದ. ಮುಂದಿನ ಹೆಂಗಸು ಇಳಿದು ಬಂದು ಎಲ್ಲರಿಗೂ ಬಿಸ್ಕತ್ತು ಕೊಟ್ಟರು. ಎರಡೂ ಒಂದೇ ಸಾಲಿನಲ್ಲಿ.

ಹೊರಡದವರೆಲ್ಲ ಮೊಂಡರು ಅಂತ ಮಾತ್ರ ಅಂದುಕೊಳ್ಳಬೇಡಿ. ದಿನಗೂಲಿಯವರಿಗೆ ನಾಲ್ಕು ದಿನದ ಹೋಟೆಲ್ ಅಂದರೆ ತಿಂಗಳ ಬಾಡಿಗೆ. ಬೆಕ್ಕು ನಾಯಿ ಇದ್ದವರಿಗೆ ಎಷ್ಟೋ ಹೋಟೆಲ್‌ಗಳು ರೂಮು ಕೊಡಲ್ಲ. ಆಮ್ಲಜನಕದ ಯಂತ್ರಕ್ಕೆ ಅಂಟಿಕೊಂಡಿರುವ ಅಜ್ಜಿಯನ್ನು ಹನ್ನೆರಡು ಗಂಟೆ ಟ್ರಾಫಿಕ್‌ನಲ್ಲಿ ಕೂರಿಸಲಾಗುತ್ತಾ? ಕೆಲಸದ ಮೇಲೇ ವೀಸಾ ನಿಂತಿರುವ ನಮ್ಮಂಥವರದ್ದು ಇನ್ನೊಂದು ಗೋಳು. ಬೇರೆ ರಾಜ್ಯದಲ್ಲಿ ಕೂತ ನಮ್ಮ ಮ್ಯಾನೇಜರ್ ಮಂಗಳವಾರ, "ಬುಧವಾರದ ಮೀಟಿಂಗ್‌ಗೆ ಫೋನಿನಲ್ಲಾದರೂ ಸೇರಬಹುದಲ್ಲ?" ಅಂತ ಮೆಸೇಜ್ ಹಾಕಿದರು. ಬುಧವಾರ ಅಂದರೆ ಮಿಲ್ಟನ್ ಬರುವ ದಿನ. ಏನು ಉತ್ತರ ಕೊಟ್ಟೆ ಅಂತ ಇಲ್ಲಿ ಬರೆಯಲ್ಲ.

ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. 2019ರಲ್ಲಿ ಫನಿ ಬಂದಾಗ ಹನ್ನೆರಡು ಲಕ್ಷ ಜನರನ್ನು ಮೊದಲೇ ಸಾಗಿಸಿದರು. ಅಲ್ಲೂ ಜನರನ್ನು ಎಬ್ಬಿಸಿದ್ದರಲ್ಲಿ 1999ರ ನೆನಪಿನ ಪಾಲು ದೊಡ್ಡದು ಅಂತ ನನಗನಿಸುತ್ತೆ. ಆದರೆ ಅಲ್ಲಿ ಬಸ್ಸು ಬರುತ್ತೆ, ವಾಲಂಟಿಯರ್ ಬಂದು ಕೈ ಹಿಡಿದು ಎಬ್ಬಿಸ್ತಾನೆ. ಇಲ್ಲಿ ಫೋನಿಗೆ ಮೆಸೇಜ್ ಬರುತ್ತೆ. ಆಶ್ರಯ ಕೇಂದ್ರಕ್ಕೆ ಬಸ್ಸು ಇದೆ, ಆದರೆ ಹತ್ತಬೇಕು ಅನ್ನೋ ತೀರ್ಮಾನ ಅವರವರದ್ದೇ.

ನಮ್ಮ ಮನೆ ಊರಿನ ಉತ್ತರಕ್ಕಿದೆ, ಸಮುದ್ರದಿಂದ ದೂರ, ಖಾಲಿ ಮಾಡಿ ಅಂತ ಆದೇಶ ಬರುವ ಯಾವ ಜೋನ್‌ಗೂ ಸೇರಲ್ಲ. ಹಾಗಾಗಿ ಉಳಿದೆವು. ಶೋರ್ ಏಕರ್ಸ್‌ನ ಸ್ನೇಹಿತರು ನಮ್ಮಲ್ಲಿಗೇ ಬಂದರು, ಇನ್ನೊಂದು ಕುಟುಂಬವೂ ಬಂತು. ಹನ್ನೊಂದು ಜನ, ಎರಡು ಬಾತ್‌ರೂಮು. ಟಬ್ಬಿನಲ್ಲಿ ನೀರು ತುಂಬಿಸಿದೆವು, ಫ್ಲಶ್‌ಗೆ. ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಪಾತಿ ರೆಡಿ.

ಅಮ್ಮ ಮೈಸೂರಿನಿಂದ ಬಂದಿದ್ದರು. ನವರಾತ್ರಿ ಬೇರೆ, ಹಾಲಿನ ಕಿಟಕಿ ಪಕ್ಕ ಏಳು ಮೆಟ್ಟಿಲಿನ ಗೊಂಬೆ. ಕಿಟಕಿ ಒಡೆದರೆ ಎಲ್ಲ ಚೂರು ಚೂರು, ಎತ್ತಿಡೋಣ ಅಂದೆ. ಅಮ್ಮ ಒಪ್ಪಲಿಲ್ಲ. "ಕೂರಿಸಿದ ಗೊಂಬೇನ ಮಧ್ಯದಲ್ಲಿ ಎತ್ತಬಾರದು ಕಣೋ." ಅಮ್ಮ, ಗಂಟೆಗೆ ಇನ್ನೂರು ಕಿಲೋಮೀಟರ್ ಗಾಳಿ ಅಂದೆ. "ನಮ್ಮತ್ತೆ ಕಾಲದಿಂದ ಎತ್ತಿಲ್ಲ." ಮಂಗಳವಾರ ಪೂರ್ತಿ ಇದೇ ನಡೆಯಿತು. ಸಂಜೆ ಅಮ್ಮ ತಾವಾಗಿಯೇ ಶೋರ್ ಏಕರ್ಸ್‌ನ ಹುಡುಗಿಯ ಹತ್ತಿರ ಕೂತು, ನೀರು ಬಂದಾಗ ಏನು ಮಾಡಿದ್ರಿ ಅಂತ ಕೇಳಿದರು. ಏಳು ವರ್ಷದ ಮಗು. "ಮೇಜಿನ ಮೇಲೆ ಕೂತಿದ್ವಿ, ನನ್ನ ಸ್ಕೂಲ್ ಬ್ಯಾಗ್ ಹೋಯ್ತು" ಅಂದಿತು. ಅಮ್ಮ ಎದ್ದು ಹೋಗಿ ಮಂಗಳಾರತಿ ಮಾಡಿದರು. ಆಮೇಲೆ ಪಟ್ಟದ ಗೊಂಬೆ ಎರಡನ್ನೂ ತಮ್ಮ ರೇಷ್ಮೆ ಸೀರೆಯಲ್ಲಿ ಸುತ್ತಿ, "ಎತ್ತುತಾ ಇಲ್ಲ, ಜಾಗ ಬದಲಾಯಿಸ್ತಾ ಇದೀನಿ ಅಷ್ಟೆ" ಅಂತ ನಮಗೋ ದೇವರಿಗೋ ಹೇಳಿ, ಒಳಗಿನ ಕ್ಲಾಸೆಟ್‌ನಲ್ಲಿ, ಅಂದರೆ ಬಟ್ಟೆ ಇಡುವ ಸಣ್ಣ ಕೋಣೆಯಲ್ಲಿ, ಇಟ್ಟರು. ಕಿಟಕಿಯಿಲ್ಲದ ಜಾಗ ಅದೊಂದೇ. ಬುಧವಾರ ರಾತ್ರಿ ರಾಜ ರಾಣಿ ಜೊತೆ ನಾವು ಹನ್ನೊಂದು ಜನವೂ ಸರದಿಯಲ್ಲಿ ಅಲ್ಲೇ.

ಅಕ್ಟೋಬರ್ 9ರ ರಾತ್ರಿ ಎಂಟೂವರೆ ಸುಮಾರಿಗೆ ಮಿಲ್ಟನ್ ದಡ ಮುಟ್ಟಿದ್ದು ಸರಸೋಟಾದ ಸಿಯೆಸ್ಟಾ ಕೀಯಲ್ಲಿ. ಅಷ್ಟೊತ್ತಿಗೆ ಮೂರನೇ ದರ್ಜೆಗೆ ಇಳಿದಿತ್ತು. ಮತ್ತೆ ದಕ್ಷಿಣಕ್ಕೆ ತಪ್ಪಿತು ನೋಡಿ! ನಮ್ಮ ಕೊಲ್ಲಿಯಲ್ಲಿ 15 ಅಡಿ ಏರೋ ಬದಲು ನೀರು ಇಳಿಯಿತು. ಹಾಗಂತ ಬಚಾವಾದೆವು ಅನ್ನೋ ಹಾಗಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚು ಮಳೆ, ಟ್ರೋಪಿಕಾನಾ ಫೀಲ್ಡ್ ಸ್ಟೇಡಿಯಂನ ಛಾವಣಿ ಚಿಂದಿ, ಒಂದು ದೊಡ್ಡ ಕ್ರೇನ್ ಕಟ್ಟಡದ ಮೇಲೆ ಬಿತ್ತು. ಗಾಳಿ ದಡ ಮುಟ್ಟುವ ಮೊದಲೇ ರಾಜ್ಯದ ಇನ್ನೊಂದು ತುದಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿಗೆ ಆರು ಜನ ಸತ್ತರು. ಆ ಕಡೆಗೆ ಯಾರೂ ನೋಡಿಯೇ ಇರಲಿಲ್ಲ. ಮೂವತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟಿಲ್ಲ. ನಮಗೆ ಐದು ದಿನ ಇರಲಿಲ್ಲ. ಜೋನ್‌ಗೆ ಸೇರದ ನಮ್ಮ ಬಡಾವಣೆಯ ಹಿಂದಿನ ಬೀದಿಯಲ್ಲೇ ಮಳೆನೀರು ಮೊಣಕಾಲಿನ ತನಕ ನಿಂತಿತ್ತು.

ಮರುದಿನವೇ ಶುರು, "ನೋಡಿ, ಸುಮ್ನೆ ಹೆದರಿಸಿದ್ರು" ಅಂತ. ನಮ್ಮ ಪಕ್ಕದ ಮನೆ ಮೇಷ್ಟ್ರು ಬೇಲಿ ಆಚೆಯಿಂದ "ದಿಬ್ಬ" ಅಂದು ಕಣ್ಣು ಮಿಟುಕಿಸಿದರು. ಅವರ ಓಕ್ ಮರ ಅವರ ಕಾರಿನ ಮೇಲೆ ಮಲಗಿತ್ತು.

ನಿಮ್ಮ ಮಗಳ ವಿಷಯ. "ಭಯ ಇಲ್ವಾ ನಿಂಗೆ?" ಅಂತ ಕೇಳಿದರೆ ಇಲ್ಲ ಅಂತಲೇ ಹೇಳ್ತಾಳೆ. ಅದರ ಬದಲು, ನಿನ್ನ ಮನೆ ಯಾವ ಜೋನ್, ಎ ಇಂದ ಇ ತನಕ ಯಾವ ಅಕ್ಷರ ಅಂತ ಕೇಳಿ. ಎ ಅಥವಾ ಬಿ ಅಂದರೆ ಆದೇಶ ಬಂದ ದಿನವೇ ಹೊರಡಬೇಕು. ಹೊರಡೋದು ಅಂದರೆ ಅಟ್ಲಾಂಟಾಕ್ಕೆ ಓಡಬೇಕಾಗಿಲ್ಲ. ಓಡಬೇಕಾದದ್ದು ನೀರಿಗೆ, ಗಾಳಿಗೆ ಒಳಗೆ ಅಡಗಿದರೆ ಸಾಕು ಅಂತ ಇಲ್ಲಿಯವರ ಲೆಕ್ಕ. ಮೂವತ್ತು ನಲವತ್ತು ಕಿಲೋಮೀಟರ್ ಒಳಗೆ, ಎತ್ತರದಲ್ಲಿರುವ ಗಟ್ಟಿ ಮನೆ ಸಾಕು. ಯಾರ ಮನೆಗೆ ಹೋಗ್ತೀಯ ಅಂತ ಈಗಲೇ, ಗಾಳಿ ಇಲ್ಲದ ದಿನ, ಹೆಸರು ಕೇಳಿಟ್ಟುಕೊಳ್ಳಿ. ಪ್ರವಾಹದ ವಿಮೆ ಬೇರೆಯೇ ತಗೋಬೇಕು. ಮಾಮೂಲಿ ಮನೆ ವಿಮೆಯಲ್ಲಿ ಅದು ಬರಲ್ಲ. ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ ತಗೊಂಡ ಮೂವತ್ತು ದಿನದ ಮೇಲೇ ಜಾರಿಗೆ ಬರೋದು, ಕೋನ್ ಕಂಡ ಮೇಲೆ ಓಡಿದರೆ ಸಿಗಲ್ಲ.

ಮತ್ತೆ ಆ ರಾತ್ರಿ ವಿಡಿಯೋ ಕಾಲ್ ಮಾಡಬೇಡಿ. ನಮ್ಮ ಚಿಕ್ಕಮ್ಮ, ಅತ್ತೆ, ಮಾವ, ಎದುರು ಮನೆಯವರು ಎಲ್ಲ ಸೇರಿ ಮಿಲ್ಟನ್ ಬರುವ ಮೊದಲೇ ಬ್ಯಾಟರಿ ಅರ್ಧ ಮಾಡಿದರು. "ಇದೀವಿ" ಅಂತ ಒಂದು ಮೆಸೇಜ್ ಬೆಳಿಗ್ಗೆ ಹಾಕು ಅಂತ ಹೇಳಿಟ್ಟಿರಿ.